ಲಾರಿ ಬಾಗಿಲ ಮೇಲಿನ ಜಾಗ

ಸೋಮವಾರ, ಮಾರ್ಚ್ ೪

ಇವತ್ತು ಲಾರಿ ಬರಲಿಲ್ಲ.

ಬೆಳಗ್ಗೆ ಐದೂಮುಕ್ಕಾಲಿಗೆ ನೀರಿನ ಟ್ಯಾಂಕಿನ ಮೂಲೆಯಲ್ಲಿ ನಿಂತೆ. ಆರು ಗಂಟೆಯಾಯಿತು, ಆರೂಕಾಲಾಯಿತು, ಯಾರ ಸುಳಿವೂ ಇಲ್ಲ. ಹಾಲಿನವನು ಎರಡನೇ ಸುತ್ತಿಗೆ ಬಂದವನು ಸೈಕಲ್ ನಿಲ್ಲಿಸದೆಯೇ, "ಏನಕ್ಕ, ನಿಮ್ ಸೈನ್ಯ ಎಲ್ಲಿ?" ಎಂದು ಕೇಳಿ ಹೋದ. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಲಾರಿ ಬರುವುದಿಲ್ಲ ಎಂದು ಗುಂಪಿನ ಇಪ್ಪತ್ತೆರಡು ಜನಕ್ಕೂ ಮೊದಲೇ ಗೊತ್ತಿತ್ತು. ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ. ಗೋಡೆಯಾಚೆಯ ಕೋಣೆಯಲ್ಲೇ ಇರುವ ತೆಳ್ಳಕ್ಕ ಕೂಡ ಹೇಳಲಿಲ್ಲ.

ಕಾರಣ ನನಗೆ ಗೊತ್ತು. ಫೆಬ್ರವರಿ ಹನ್ನೆರಡಕ್ಕೆ ನಾನು ಸಾರಿಗೆ ಕಚೇರಿಗೆ ಒಂದು ಕಾಗದ ಬರೆದೆ. 'ನಮ್ಮ ಕಂಟ್ರಾಕ್ಟರು ಇಪ್ಪತ್ತನಾಲ್ಕು ಆಳುಗಳನ್ನು ತೆರೆದ ಲಾರಿಯಲ್ಲಿ ಹಿಂದೆ ತುಂಬಿಕೊಂಡು ಕೆಲಸಕ್ಕೆ ಕರೆದೊಯ್ಯುತ್ತಾರೆ, ಜನವರಿ ಹದಿನೇಳರ ಬೆಳಗ್ಗೆ ನನ್ನ ನಾದಿನಿ ಆ ಲಾರಿಯಿಂದ ಬಿದ್ದು ಸತ್ತಳು, ದಯವಿಟ್ಟು ಇದನ್ನು ನಿಲ್ಲಿಸಿ' ಎಂದು. ಅವರು ನಿಲ್ಲಿಸಿದ್ದಾರೆ. ನಾನು ಕೇಳಿದ್ದೇ ಆಗಿದೆ. ಆದರೂ ಖಾಲಿ ರಸ್ತೆಯಲ್ಲಿ ಊಟದ ಡಬ್ಬಿ ಹಿಡಿದು ನಿಂತಾಗ ನಾನೇನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಅನ್ನಿಸಿತು.

ಇದು ನಮ್ಮ ಗುಂಪಿನ ಹಾಜರಿ ಪುಸ್ತಕ. ಗುಂಪಿನಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದವಳು ನಾನೊಬ್ಬಳೇ, ಅದಕ್ಕೇ ಪೆನ್ನು ನನ್ನ ಕೈಗೆ ಬಂತು. ಹಾಳೂರಿಗೆ ಉಳಿದವನೇ ಗೌಡ. ಮುಂದಿನಿಂದ ಹಾಜರಿ ಇದೆ, ಆ ಕಡೆ ತಿರುಗಿಸಲು ಈಗ ಮನಸ್ಸಿಲ್ಲ. ಹಿಂದಿನಿಂದ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಈ ಕೋಣೆಯಲ್ಲಿ ಸಂಜೆಯಾದರೆ ನಾದಿನಿಯ ಮಾತು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಸ್ಟವ್ವಿನ ಸದ್ದು ಬಿಟ್ಟರೆ ಏನೂ ಇಲ್ಲ.

ಮಂಗಳವಾರ, ಮಾರ್ಚ್ ೫

ಕೆಲಸವಿಲ್ಲ. ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಆ ಲಾರಿಯನ್ನು ನಾನು ಬೈಯುತ್ತೇನೆ ನಿಜ, ಆದರೆ ಅದರಲ್ಲಿ ನಮ್ಮದೊಂದು ಊರೇ ಇತ್ತು. ಕ್ಯಾಬಿನ್ನಿಗೆ ಬೆನ್ನು ಕೊಟ್ಟು ವಯಸ್ಸಾದವರು. ಎರಡು ಬದಿಗೂ ಗಂಡಸರು, ನಡುವೆ ಹಗ್ಗ ಹಿಡಿದು ನಿಂತವರು. ಮೂಲೆಯಲ್ಲಿ ಊಟದ ಡಬ್ಬಿಗಳ ರಾಶಿ, ಅದರ ಪಕ್ಕ ನಾನು. ಮೇಸ್ತ್ರಿ ಮಾತ್ರ ಮುಂದೆ ಡ್ರೈವರನ ಪಕ್ಕ, ದೊರೆಯ ಹಾಗೆ. ಇಪ್ಪತ್ತು ನಿಮಿಷದ ದಾರಿ. ಯಾರ ಮಗಳಿಗೆ ಗಂಡು ನೋಡಿದರು, ಯಾರ ಗಂಡ ಕುಡಿತ ಬಿಟ್ಟ, ಬಿಟ್ಟವನು ಮತ್ತೆ ಯಾವತ್ತು ಹಿಡಿದ, ಎಲ್ಲ ಅಲ್ಲೇ ತೀರ್ಮಾನ. ತೆಳ್ಳಕ್ಕ ಹತ್ತುವಾಗ ಲಾರಿ ಒಂದು ಕಡೆ ವಾಲುತ್ತದೆ ಎಂದು ಗಂಡಸರು ಇನ್ನೊಂದು ಬದಿಗೆ ಓಡುವ ನಾಟಕ ಮಾಡುತ್ತಿದ್ದರು. ಅವಳ ಆಕಾರ ನೋಡಿಯೇ ಯಾರೋ ಪುಣ್ಯಾತ್ಮರು ತೆಳ್ಳಕ್ಕ ಎಂದು ಹೆಸರಿಟ್ಟದ್ದು. ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ನಮ್ಮದು ತಾರಸಿಗೆ ಕಾಂಕ್ರೀಟು ಹಾಕುವ ಕೆಲಸ. ಮಿಕ್ಸರ್ ಒಮ್ಮೆ ತಿರುಗಲು ಶುರುವಾದರೆ ತಾರಸಿ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆ ಅಲ್ಲೇ ಬಿರುಕು ಬಿಡುತ್ತದೆ. ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲಿಗೊಬ್ಬರಂತೆ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿ ಕೈ ದಾಟಿಸಬೇಕು. ಒಬ್ಬಳು ತಡವಾದರೆ ಸಾಲಿನಲ್ಲಿ ತೂತು, ಉಳಿದವರ ರಟ್ಟೆ ಬಿದ್ದುಹೋಗುತ್ತದೆ. ಹಾಗಾಗಿ ನಮ್ಮಲ್ಲಿ ತಡವಾಗಿ ಬರುವುದಕ್ಕಿಂತ ದೊಡ್ಡ ಪಾಪವಿಲ್ಲ. ಕೊನೆಗೆ ಬಂದವರು ಲಾರಿಯ ಹಿಂದಿನ ಬಾಗಿಲ ಮೇಲೆ ಕೂರಬೇಕು ಎಂಬ ರೂಢಿ ಬಂತು. ಬಾಗಿಲು ಎಂದರೆ ಏನು, ಸೊಂಟದೆತ್ತರದ ಒಂದು ಹಲಗೆ. ಧೂಳೆಲ್ಲ ಮುಖಕ್ಕೆ, ಎಲ್ಲರ ತಮಾಷೆಗೂ ಗುರಿ.

ಯಾರು ಶುರು ಮಾಡಿದರೋ. ಗುಂಪಿನಲ್ಲಿ ಹೀಗೇ ಒಂದೊಂದು ರೂಢಿ ಬೆಳೆಯುತ್ತದೆ.

ಶುಕ್ರವಾರ, ಮಾರ್ಚ್ ೮

ಕೆಲಸದ ಜಾಗಕ್ಕೆ ನಡೆದು ಹೋದೆ. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಇಪ್ಪತ್ತೆರಡು ಜನವೂ ಹಾಗೇ ನಡೆದು ಬಂದಿದ್ದರು. ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದವರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಜಲ್ಲಿಯ ಗುಡ್ಡೆಯ ಮೇಲೆ ಕೂತಿದ್ದ ತೆಳ್ಳಕ್ಕ ಎದ್ದು ಆಚೆ ಹೋಗಿ ಕೂತಳು. ಆ ದೇಹ ಹೊತ್ತುಕೊಂಡು ಅವಳು ಅಷ್ಟು ಚುರುಕಾಗಿ ಎದ್ದದ್ದು ನಾನು ನೋಡಿದ್ದು ಇದೇ ಮೊದಲು.

ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕ, ನಿನ್ಗೆ ಕೆಲಸ ಇಲ್ಲ ಅಂತ ನಾನ್ ಹೇಳ್ತಿಲ್ಲ. ಯಜಮಾನ್ರು ಹೇಳ್ತಿದಾರೆ. ಆ ಕಾಗದ ವಾಪಸ್ ತಗೋ, ಎಲ್ಲಾ ಮೊದ್ಲಿನ ಹಾಗೇ ಆಗುತ್ತೆ."

"ಮೊದಲಿನ ಹಾಗೆ ಅಂದ್ರೆ? ಅವಳು ಎದ್ದು ಬರ್ತಾಳಾ?"

"ಕಾನೂನು ಅಂತ ಕೂತ್ರೆ ನಾವ್ ಯಾರೂ ಮನೆ ಬಿಟ್ಟು ಆಚೆ ಬರೋ ಹಾಗಿಲ್ಲ ಅಕ್ಕ. ನೋಡು, ಉದ್ದಣ್ಣನ ಕಾಲು ಊದಿದೆ."

ಊದಿದ ಕಾಲನ್ನು ಉದ್ದಣ್ಣ ಎತ್ತಿ ತೋರಿಸಿದ, ನಾನೇ ಕಚ್ಚಿದೆನೇನೋ ಎಂಬಂತೆ. ನಾನು ಹಿಂತಿರುಗಿದೆ. ಅವರು ಸಾಲಾಗಿ ನಿಂತರು. ನಾದಿನಿ ನಿಲ್ಲುತ್ತಿದ್ದ ಎರಡನೇ ಮೆಟ್ಟಿಲ ಜಾಗದಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಮೇಲಿನದು ನನ್ನದು, ಅದೂ ಖಾಲಿ. ಮೊದಲನೇ ಮೆಟ್ಟಿಲಿನವಳು ಬಾಂಡ್ಲಿ ಹೊತ್ತು ಎರಡು ಮೆಟ್ಟಿಲು ಹತ್ತಿ, ಕೊಟ್ಟು, ಮತ್ತೆ ಇಳಿಯುತ್ತಿದ್ದಳು. ರಸ್ತೆಯ ತಿರುವಿನವರೆಗೂ ತಿರುಗಿ ತಿರುಗಿ ನೋಡಿದೆ.

ಶನಿವಾರ, ಮಾರ್ಚ್ ೯

ಏನೂ ಇಲ್ಲ. ಯಾರೂ ಇಲ್ಲ.

ಗುರುವಾರ, ಮಾರ್ಚ್ ೧೪

ಸಾರಿಗೆ ಕಚೇರಿಯಿಂದ ಕರೆ ಬಂದಿತ್ತು, ಹೋಗಿ ಬಂದೆ. ಮನೆ ಬಿಟ್ಟು ಮೂಲೆಯವರೆಗೆ ಹೋದವಳು ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ ಬಂದು ಎಳೆದು ನೋಡಿದೆ. ಹಾಕಿತ್ತು. ಬಸ್ಸು ತಪ್ಪಿತು.

ವಿಚಾರಣೆ ಮಾಡುವ ಅಧಿಕಾರಿ ಒಬ್ಬಳು ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ಮೇಜಿನ ತುಂಬ ಕಡತ. ನಿಯಮದ ಹಾಳೆಯನ್ನು ನನ್ನ ಕಡೆ ತಿರುಗಿಸಿ ಓದಲು ಕೊಟ್ಟಳು. ತೆರೆದ ಸರಕು ಗಾಡಿಯ ಹಿಂಭಾಗದಲ್ಲಿ ಪ್ರಯಾಣಿಕರನ್ನು ಸಾಗಿಸಬಾರದು. ಸರಕಿದ್ದಾಗ ಅದನ್ನು ಇಳಿಸುವ ಆಳುಗಳು ಆರು ಜನರವರೆಗೆ ಇರಬಹುದು, ಆದರೆ ತಳದ ಮೇಲೆಯೇ ಕೂತಿರಬೇಕು, ಹಲಗೆಗಳ ಮೇಲೆ ಯಾರೂ ಕೂರಬಾರದು. ಅದರ ಕೆಳಗೇ ಕುರಿಗಳ ನಿಯಮ. ಕುರಿಗಳಾದರೆ ಇಷ್ಟೇ ಎಂದು ಲೆಕ್ಕ, ನಡುವೆ ತಡಿಕೆ, ಜಾರದಂತೆ ಹುಲ್ಲಿನ ಹಾಸು. ಓದುತ್ತಾ ನನಗೆ ನಗು ಬಂತು. ನಮಗೆ ಹುಲ್ಲು ಯಾರು ಹಾಸಿದ್ದರು?

"ಈ ಕಾನೂನು ಯಾವಾಗ ಬಂತು ಮೇಡಂ?" ಎಂದೆ.

"ಇಪ್ಪತ್ತೊಂದು ವರ್ಷ ಆಯ್ತಮ್ಮ. ಹೆದ್ದಾರೀಲಿ ದೊಡ್ಡ ಬೋರ್ಡೇ ಹಾಕಿದೀವಲ್ಲ."

ಬರುವಾಗ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದೆ. ಒಂಬತ್ತು ವರ್ಷ ಅದರ ಮುಂದೆಯೇ ಹೋಗಿದ್ದೇವೆ. ಲಾರಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಎಲ್ಲ ಬೋರ್ಡುಗಳ ಬೆನ್ನೇ ಕಾಣುವುದು.

ಆದರೆ ನನ್ನನ್ನು ಕರೆಸಿದ್ದು ಅದಕ್ಕಲ್ಲ. ಕಂಟ್ರಾಕ್ಟರು ಉತ್ತರ ಕೊಟ್ಟಿದ್ದಾರೆ. ನಮ್ಮ ಲಾರಿಯಲ್ಲಿ ಆಳುಗಳು ಎಂದೂ ಹತ್ತಿಲ್ಲ, ಎಲ್ಲರೂ ನಡೆದೇ ಬರುತ್ತಾರೆ, ಆ ಹೆಂಗಸು ರಸ್ತೆ ದಾಟುವಾಗ ನೋಡದೆ ಬಿದ್ದಳು ಎಂದು. ಕೆಳಗೆ ಇಪ್ಪತ್ತೆರಡು ಹೆಬ್ಬೆಟ್ಟು.

"ನೀವೊಬ್ರು ಒಂದ್ ಹೇಳ್ತೀರಿ, ಇಪ್ಪತ್ತೆರಡು ಜನ ಇನ್ನೊಂದ್ ಹೇಳ್ತಾರೆ," ಎಂದಳು ಅಧಿಕಾರಿ. ಬೈದು ಹೇಳಲಿಲ್ಲ, ದಣಿದು ಹೇಳಿದಳು. "ಇಪ್ಪತ್ತೇಳಕ್ಕೆ ವಿಚಾರಣೆ. ಬರಹದಲ್ಲಿ ಏನಾದ್ರೂ ಇದ್ರೆ ತನ್ನಿ. ಇಲ್ದಿದ್ರೆ ನಾನ್ ಇದನ್ನ ಮುಚ್ಬೇಕಾಗುತ್ತೆ. ಲಾರಿ ಮತ್ತೆ ಓಡುತ್ತೆ."

ಶುಕ್ರವಾರ, ಮಾರ್ಚ್ ೧೫

ರಸ್ತೆ ದಾಟುವಾಗ ನೋಡದೆ ಬಿದ್ದಳಂತೆ!

ಅವಳು ಹೊಸ್ತಿಲು ದಾಟಲು ಹತ್ತು ಸಲ ಯೋಚಿಸುವವಳು. ಬೀಗವನ್ನು ಮೂರು ಸಲ ಎಳೆಯದೆ ಹೊರಡದವಳು. "ಒಳಗೆ ಏನ್ ನಿಧಿ ಇಟ್ಟಿದೀಯೇ? ಎರಡು ಚಾಪೆ, ಒಂದು ಸ್ಟವ್ವು" ಎಂದರೆ, "ಇರೋದೇ ಅಷ್ಟಲ್ವಾ ಅತ್ತಿಗೆ, ಅದೂ ಹೋದ್ರೆ?" ಎನ್ನುತ್ತಿದ್ದಳು. ಅಂಥವಳು ನೋಡದೆ ರಸ್ತೆ ದಾಟಿದಳಂತೆ. ಇಪ್ಪತ್ತೆರಡು ಜನ ಅದಕ್ಕೆ ಬೆರಳು ಒತ್ತಿದ್ದಾರೆ. ಉಣ್ಣುವ ಕೈ, ಅವಳು ಬಾಂಡ್ಲಿ ದಾಟಿಸುತ್ತಿದ್ದ ಕೈ!

ಹನ್ನೊಂದನೆಯದು ತೆಳ್ಳಕ್ಕನ ಹೆಬ್ಬೆಟ್ಟು. ಪಕ್ಕದಲ್ಲಿ ಹೆಸರು ಬರೆದಿತ್ತು. ಅವಳ ಗಂಡ ಸತ್ತಾಗ ಹದಿನೈದು ದಿನ ನನ್ನ ನಾದಿನಿ ಅವಳ ಕೋಣೆಯಲ್ಲೇ ಮಲಗಿದ್ದಳು, ಹೆದರಿಕೆಯಾಗದಿರಲಿ ಎಂದು.

ಸಂಜೆ ಗೋಡೆಯಾಚೆ ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಾನು ನನ್ನ ಪಾತ್ರೆಗಳನ್ನು ಬೇಕೆಂದೇ ಕುಕ್ಕಿದೆ. ಆ ಕಡೆ ಸದ್ದು ನಿಂತಿತು. ಮತ್ತೆ ಶುರುವಾಗಲೇ ಇಲ್ಲ.

ಸೋಮವಾರ, ಮಾರ್ಚ್ ೧೮

ಮೇಸ್ತ್ರಿ ಮನೆಗೇ ಬಂದಿದ್ದ. ಹೊಸ್ತಿಲಲ್ಲಿ ನಿಂತು ಟೋಪಿ ತೆಗೆದ. ಕುಡಿಯಲು ನೀರು ಕೊಟ್ಟೆ, ನಿಂತೇ ಕುಡಿದ.

"ನೋಡಕ್ಕ, ಇಪ್ಪತ್ತೇಳಕ್ಕೆ ನೀನು ಹೋಗ್ಬೇಡ, ಅಷ್ಟೇ ಸಾಕು. ಇಪ್ಪತ್ತೆಂಟಕ್ಕೆ ಲಾರಿ ಮೂಲೆಗೆ ಬರುತ್ತೆ. ನೀನು ಹಿಂದೆ ಹತ್ತೋದೇ ಬೇಡ. ಮುಂದೆ ನನ್ ಪಕ್ಕ ಸೀಟಲ್ಲಿ ಕೂತ್ಕೊಂಡು ಬಾ. ಗುಂಪಿಗೆ ನೀನಿಲ್ದೆ ಕೈ ಮುರಿದಂಗಾಗಿದೆ. ತೆಳ್ಳಕ್ಕ ಬಾಯೇ ಬಿಡ್ತಿಲ್ಲ, ಕೆಲಸದಲ್ಲಿ ಒಂದು ನಗು ಇಲ್ಲ."

ಸುಳ್ಳೇಕೆ ಹೇಳಲಿ, ಮನಸ್ಸು ವಾಲಿತು. ಸೀಟಿನ ಆಸೆಗಲ್ಲ. ಬೆಳಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಹೋಗಲು ಒಂದು ಜಾಗ, ಬೈಯಲು ಇಪ್ಪತ್ತು ಜನ. ನನಗೆ ಬೇರೆ ಯಾರಿದ್ದಾರೆ? ಮಕ್ಕಳಿಲ್ಲ, ಗಂಡ ಹೋಗಿ ಹತ್ತು ವರ್ಷವಾಯಿತು, ಅವನ ತಂಗಿಯೂ ಹೋದಳು. 'ಆಗಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಅವನು ಸುತ್ತ ಕಣ್ಣಾಡಿಸಿ, "ಹಾಜರಿ ಪುಸ್ತಕ ನಿನ್ನತ್ರಾನೇ ಇದ್ಯಲ್ಲ, ಕೊಟ್ಬಿಡು. ಹೊಸಬಳಿಗೆ ಕೊಡ್ಬೇಕು," ಎಂದ.

ಕೊಡುವುದಿಲ್ಲ ಎಂದೆ. ಯಾಕೆ ಎಂದು ನನಗೂ ಗೊತ್ತಿರಲಿಲ್ಲ, ಬಾಯಿಗೆ ಬಂತು.

ಅವನು ದನಿ ತಗ್ಗಿಸಿದ. "ಅದನ್ನ ಅಲ್ಲಿಗೆ ತಗೊಂಡ್ ಹೋಗೋ ಯೋಚನೆ ಇದ್ರೆ ಬಿಟ್ಬಿಡಕ್ಕ. ಜನವರಿ ಹದಿನೇಳರ ಹಾಳೇಲಿ ಏನ್ ಬರೆದಿದೀಯ ಅಂತ ನಿನ್ಗೂ ಗೊತ್ತು, ನನ್ಗೂ ಗೊತ್ತು. ನಮ್ ಹುಡುಗ್ರು ಯಾರೂ ಇವತ್ತಿನವರೆಗೆ ಅದನ್ನ ಬಾಯಿ ಬಿಟ್ಟಿಲ್ಲ. ನಿನ್ನ ಮಾನ ಉಳಿಸಿದಾರೆ."

ಅವನು ಹೋದ ಮೇಲೆ ಬಾಗಿಲು ಹಾಕಿ ಅಗುಳಿ ಇಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಈ ಪುಸ್ತಕವನ್ನು ಎತ್ತಿ ಚಾಪೆಯ ಕೆಳಗೆ ಇಟ್ಟೆ.

ಮಂಗಳವಾರ, ಮಾರ್ಚ್ ೧೯

ಬರೆದುಬಿಡುತ್ತೇನೆ. ಇಲ್ಲಿ ಓದುವವರು ಯಾರೂ ಇಲ್ಲ.

ಪುಸ್ತಕದ ಮುಂದಿನ ಹಾಳೆಗಳಲ್ಲಿ ಬಂದವರ ಹೆಸರಿನ ಮುಂದೆ 'ಹಾ' ಎಂದು ಬರೆಯುತ್ತೇನೆ. ತಡವಾಗಿ ಬಂದು ಬಾಗಿಲ ಮೇಲೆ ಕೂತವರ ಹೆಸರಿನ ಮುಂದೆ 'ಬಾ'. ವಾರಕ್ಕೆ ಮೂರು 'ಬಾ' ಆದವರು ಎಲ್ಲರ ಡಬ್ಬಿಗಳನ್ನು ಮೇಲಿನ ಮಹಡಿಗೆ ಹೊರಬೇಕು. ಅದೊಂದು ತಮಾಷೆಯಾಗಿತ್ತು. ಶುರು ಮಾಡಿದ್ದು ಗುಂಪಲ್ಲ, ನಾನು. ಎರಡು ವರ್ಷದ ಹಿಂದೆ ಒಂದು ತಾರಸಿ ನಡುವೆ ನಿಂತು ಬಿರುಕು ಬಿಟ್ಟಿತು, ಯಜಮಾನರು ಎಲ್ಲರನ್ನೂ ಬೈದರು, ಮರುದಿನ ನಾನು ನಿಯಮ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಅತಿ ಹೆಚ್ಚು 'ಬಾ' ಇರುವುದು ನನ್ನ ನಾದಿನಿಯ ಹೆಸರಿನ ಮುಂದೆ. ಬೀಗದ ದೆಸೆಯಿಂದ.

ಅವತ್ತೂ ಅಷ್ಟೇ. ಮೂಲೆಯವರೆಗೆ ಬಂದವಳು, "ಅತ್ತಿಗೆ, ಬೀಗ" ಎಂದಳು. ನಾನು ಬೈದೆ. ಅವಳು ಓಡಿದಳು. ಲಾರಿ ಬಂತು, ಎಲ್ಲರೂ ಹತ್ತಿದೆವು, ಎಲ್ಲರೂ ಅವಳ ದಾರಿ ನೋಡುತ್ತಾ ನಗುತ್ತಿದ್ದರು. ಅವಳು ಏದುಸಿರು ಬಿಡುತ್ತಾ ಬಂದು ಚಕ್ರದ ಮೇಲೆ ಕಾಲಿಟ್ಟಳು.

"ಅತ್ತಿಗೆ, ಇವತ್ತು ತುಂಬಾ ಚಳಿ ಕಣ್ರೀ. ಒಳಗೆ ಬರ್ಲಾ?"

ನನ್ನ ಪಕ್ಕದಲ್ಲಿ ಜಾಗವಿತ್ತು. ಡಬ್ಬಿಗಳನ್ನು ಒಂದು ಮೊಳ ಸರಿಸಿದ್ದರೆ ಸಾಕಿತ್ತು. ಆದರೆ ಇಪ್ಪತ್ತೆರಡು ಜನ ನನ್ನನ್ನೇ ನೋಡುತ್ತಿದ್ದರು. ತನ್ನವಳು ಎಂದು ಒಳಗೆ ಬಿಟ್ಟಳು ಎಂಬ ಮಾತು ಬಂದರೆ ನಾಳೆಯಿಂದ ನನ್ನ ಪೆನ್ನಿಗೆ ಏನು ಬೆಲೆ ಎಂದುಕೊಂಡೆ.

"ನಿಯಮ ಅಂದ್ರೆ ನಿಯಮ," ಎಂದೆ. "ಬಾಗಿಲು!"

ಎಲ್ಲರೂ "ಬಾಗಿಲು, ಬಾಗಿಲು" ಎಂದು ಕೂಗಿದರು. ಅವಳೂ ನಗುತ್ತಲೇ ಹತ್ತಿ ಕೂತಳು. ಒಂದು ಕೈಯಲ್ಲಿ ಡಬ್ಬಿ. ನಾನು ಹೆಸರಿನ ಮುಂದೆ 'ಬಾ' ಬರೆದೆ. ಲಾರಿ ಹೊರಟಿತು. ಅವಳು ಇನ್ನೊಂದು ಕಾಲನ್ನು ಒಳಗೆ ಎಳೆದುಕೊಂಡಿರಲಿಲ್ಲ. ರಸ್ತೆಗೆ ಅಡ್ಡ ತೋಡಿದ್ದ ಗುಂಡಿಗೆ ಹಿಂದಿನ ಚಕ್ರ ಬಿತ್ತು. ನಾನು ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದೆ. ಹಲಗೆಯ ಮೇಲೆ ಅವಳಿರಲಿಲ್ಲ.

ಕಾಗದದಲ್ಲಿ ನಾನು ಲಾರಿಯ ಬಗ್ಗೆ ಬರೆದೆ, ಕಂಟ್ರಾಕ್ಟರ ಬಗ್ಗೆ ಬರೆದೆ, ಗುಂಡಿಯ ಬಗ್ಗೆಯೂ ಬರೆದೆ. ಇದನ್ನು ಬರೆಯಲಿಲ್ಲ.

ಬುಧವಾರ, ಮಾರ್ಚ್ ೨೦

ಪುಸ್ತಕ ಕೊಟ್ಟರೆ ಲಾರಿ ನಿಲ್ಲುತ್ತದೆ. ಎರಡು ವರ್ಷದ ಒಂದೊಂದು ದಿನವೂ ಅದರಲ್ಲಿದೆ, ಯಾರು ಒಳಗೆ, ಯಾರು ಬಾಗಿಲ ಮೇಲೆ. ಆದರೆ ಅದೇ ಪುಸ್ತಕ ನನ್ನ ಅಕ್ಷರದಲ್ಲಿ ನನ್ನ ಹೆಸರನ್ನೂ ಹೇಳುತ್ತದೆ. ಕೊಡದಿದ್ದರೆ ಅವಳು ರಸ್ತೆ ನೋಡದೆ ದಾಟಿ ಸತ್ತವಳಾಗಿಯೇ ಉಳಿಯುತ್ತಾಳೆ, ನಾನು ಮುಂದಿನ ಸೀಟಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತೇನೆ.

ಹೋಗುವುದಿಲ್ಲ. ಇಪ್ಪತ್ತೇಳಕ್ಕೆ ಎಲ್ಲಿಗೂ ಹೋಗುವುದಿಲ್ಲ. ಸತ್ತವಳಿಗೆ ಮಾನವೇನು, ಅವಮಾನವೇನು. ಬದುಕಿರುವವಳು ನಾನು.

ಶುಕ್ರವಾರ, ಮಾರ್ಚ್ ೨೨

ಸ್ಟವ್ವಿಗೆ ಎಣ್ಣೆ ತರಲು ಪೇಟೆಗೆ ಹೋಗಿದ್ದೆ. ಹಿಂತಿರುಗುವಾಗ ದೊಡ್ಡ ರಸ್ತೆಯಲ್ಲಿ ನಮ್ಮ ಲಾರಿಯೇ ಬಂತು. ಎಡಬದಿಯ ಹಲಗೆಯ ಮೇಲೆ ತಗಡಿನ ತೇಪೆ, ಅದೇ. ಒಳಗೆ ನಮ್ಮವರಿರಲಿಲ್ಲ. ಬೇರೆ ಯಾವುದೋ ಗುಂಪು, ಎಲ್ಲಿಂದ ಕರೆತಂದರೋ. ವಿಚಾರಣೆ ಮುಗಿಯುವವರೆಗೂ ಕಾಯುವ ತಾಳ್ಮೆಯೂ ಯಜಮಾನರಿಗಿಲ್ಲ. ಮೂವತ್ತು ಜನವಾದರೂ ಇದ್ದರು, ಬದಿಯ ಹಲಗೆಗಳ ಮೇಲೂ ಕೂತಿದ್ದರು. ಹಿಂದಿನ ಬಾಗಿಲ ಮೇಲೆ ಒಬ್ಬಳು ಹೆಂಗಸು, ತಲೆಗೆ ಬಟ್ಟೆ ಸುತ್ತಿಕೊಂಡವಳು, ಒಂದು ಕಾಲು ಹೊರಗೆ ಇಳಿಬಿಟ್ಟು.

ನಾನು ಎಣ್ಣೆಯ ಕ್ಯಾನು ಕೆಳಗಿಟ್ಟು ಕೂಗಿದೆ. "ಒಳಗ್ ಕೂತ್ಕೊಳೇ! ಒಳಗ್ ಹೋಗು!" ಕೈ ಬೀಸಿ ಬೀಸಿ ಕೂಗಿದೆ. ರಸ್ತೆಯವರೆಲ್ಲ ತಿರುಗಿ ನೋಡಿದರು.

ಅವಳಿಗೆ ಕೇಳಲಿಲ್ಲ. ಯಾರೋ ಗುರುತಿನವಳು ಎಂದುಕೊಂಡಳೋ ಏನೋ, ನಕ್ಕು, ಹಿಡಿದಿದ್ದ ಕೈಯನ್ನು ಬಿಟ್ಟು, ನನಗೆ ಕೈ ಬೀಸಿದಳು. ಹಿಡಿದಿದ್ದ ಕೈಯನ್ನೇ! ಲಾರಿ ತಿರುಗುವವರೆಗೂ ಬೀಸುತ್ತಿದ್ದಳು.

ಮನೆಗೆ ಬಂದು ಕಾಲು ತೊಳೆದು ಒಲೆ ಹಚ್ಚಿದೆ. ಅನ್ನ ಸೀದುಹೋಯಿತು. ತಿಂದೆ.

ಮಂಗಳವಾರ, ಮಾರ್ಚ್ ೨೬

ನಾಳೆಗೆ ಒಗೆದ ಬಟ್ಟೆ ಇಸ್ತ್ರಿ ಮಾಡಿಸಿ ತಂದೆ. ಬಸ್ಸಿನ ವೇಳೆ ಕೇಳಿಕೊಂಡೆ.

ಈ ಹಿಂದಿನ ಹಾಳೆಗಳನ್ನು ಹರಿದು ಹಾಜರಿಯನ್ನು ಮಾತ್ರ ಕೊಡೋಣ ಎಂದು ಕೂತಿದ್ದೆ. ನನ್ನ ಗೋಳು ಆ ಕನ್ನಡಕದ ಹೆಂಗಸಿಗೆ ಯಾಕೆ? ಒಂದು ಹಾಳೆ ಎಳೆದೆ. ನಡುವೆ ದಾರ ಹಾಕಿ ಹೊಲಿದ ಪುಸ್ತಕ ಇದು, ಹಿಂದಿನ ಹಾಳೆ ಎಳೆದರೆ ಅದರ ಜೋಡಿ ಮುಂದಿನಿಂದ ಕಳಚಿ ಬರುತ್ತದೆ. ಎರಡು ವರ್ಷದ ಹಿಂದಿನ ಒಂದು ವಾರ ಕೈಗೆ ಬಂತು. ಹಾ, ಹಾ, ಹಾ, ನಡುವೆ ತೆಳ್ಳಕ್ಕನಿಗೊಂದು ಬಾ. ಅವತ್ತು ಅವಳನ್ನು ಬಾಗಿಲ ಮೇಲೆ ಏರಿಸಲು ಮೂವರು ತಳ್ಳಬೇಕಾಯಿತು. ನೆನೆದು ನಕ್ಕೆ. ಒಬ್ಬಳೇ ಕೂತು ಇಷ್ಟು ಜೋರಾಗಿ ನಗುವುದು ಒಳ್ಳೆಯ ಲಕ್ಷಣವಲ್ಲ.

ಆ ಹಾಳೆಯನ್ನು ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದೆ. ಇದ್ದ ಹಾಗೇ ಕೊಡುತ್ತೇನೆ. ಓದಿದರೆ ಓದಲಿ. ಜನವರಿ ಹದಿನೇಳನ್ನು ನಾನೇ ತೆಗೆದು ತೋರಿಸುತ್ತೇನೆ, ಅವರು ಹುಡುಕುವ ಕಷ್ಟ ಬೇಡ. ನಾಳೆ ಸಂಜೆಗೆ ಇಡೀ ಬೀದಿಗೆ ಗೊತ್ತಾಗುತ್ತದೆ, ಸ್ವಂತ ನಾದಿನಿಯನ್ನು ಬಾಗಿಲ ಮೇಲೆ ಕೂರಿಸಿದವಳು ಎಂದು. ಗುಂಪಿನಲ್ಲಿ ನನಗೆ ಇನ್ನು ಜಾಗವಿಲ್ಲ, ಅದೂ ಗೊತ್ತು. ಹೆದರಿಕೆಯಾಗುತ್ತಿದೆ.

ಬುಧವಾರ, ಮಾರ್ಚ್ ೨೭

ಸಾರಿಗೆ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕರೆಯುವವರೆಗೆ ಪುಸ್ತಕ ನನ್ನದೇ.

ಕಂಟ್ರಾಕ್ಟರೂ ಮೇಸ್ತ್ರಿಯೂ ಒಳಗೆ ಹೋಗಿ ಅರ್ಧ ಗಂಟೆಯಾಯಿತು. ಮೇಸ್ತ್ರಿ ನನ್ನ ಮಡಿಲಿನಲ್ಲಿದ್ದ ಪುಸ್ತಕ ನೋಡಿ ಟೋಪಿ ಸರಿಮಾಡಿಕೊಂಡು ಹೋದ. ಬೆಂಚಿನಲ್ಲಿ ನಾನೊಬ್ಬಳೇ. ಪಕ್ಕದಲ್ಲಿ ನಾಲ್ಕು ಜನ ಕೂರುವಷ್ಟು ಜಾಗ.

ಆಗ ಮೆಟ್ಟಿಲ ಕಡೆ ಯಾರೋ ಏದುಸಿರು ಬಿಡುವ ಸದ್ದು ಕೇಳಿತು. ನೋಡಿದರೆ ತೆಳ್ಳಕ್ಕ. ಬಸ್ಸಿನಲ್ಲಿ ಬಂದಿರಲಿಲ್ಲ, ಪಾದವೆಲ್ಲ ಧೂಳು. ನನ್ನ ಕಡೆ ನೋಡದೆ ನೇರವಾಗಿ ಜವಾನನ ಹತ್ತಿರ ಹೋದಳು.

"ಹೆಬ್ಬೆಟ್ಟಿನ ಕೆಲಸ ಇಲ್ಲೇನಾ?"

"ಹೆಬ್ಬೆಟ್ಟು ಕೊಡ್ಬೇಕಾ? ಯಾವ ಅರ್ಜಿ?"

"ಕೊಟ್ಟಾಗಿದೆ. ವಾಪಸ್ ತಗೊಳೋಕೆ ಬಂದಿದೀನಿ."

"ಅದನ್ನೆಲ್ಲ ವಾಪಸ್ ಕೊಡಲ್ಲಮ್ಮ."

"ಯಾಕ್ ಕೊಡಲ್ಲ? ನನ್ ಬೆರಳು, ನಾನು ಒತ್ತಿದ್ದು. ಒಳಗಿರೋ ಮೇಡಂಗೆ ಹೇಳು, ಹನ್ನೊಂದನೇದು ನಂದು, ಅಳಿಸ್ಬೇಕು ಅಂತ. ಅಳಿಸೋ ತನಕ ನಾನ್ ಇಲ್ಲೇ ಇರ್ತೀನಿ."

ಜವಾನ ತಲೆ ಕೆರೆದುಕೊಂಡು ಒಳಗೆ ಹೋದ. ಅವಳು ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಈ ತುದಿ ಸ್ವಲ್ಪ ಮೇಲೆದ್ದಿತು. ಬೇರೆ ದಿನವಾಗಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

"ನೀನು ಬರೆದ ಕಾಗದದಲ್ಲಿ ನನ್ ಹೆಸರಿದೆ ಅಂದ್ಕೊಂಡಿದ್ದೆ," ಎಂದಳು ಕೊನೆಗೆ.

"ನಿನ್ನ ಹೆಸರು ಯಾಕೆ?"

"ಅವಳು ಇನ್ನೂ ಸರಿಯಾಗಿ ಕೂತಿರ್ಲಿಲ್ಲ. ಕಾಲು ಹೊರಗೇ ಇತ್ತು. ನನ್ ಕಣ್ಣಿಗೆ ಕಾಣ್ತಿತ್ತು. ಹೊತ್ತಾಯ್ತು ಹೋಗ್ಲಿ ಅಂತ ಕ್ಯಾಬಿನ್ ತಟ್ಟಿದ್ದು ನಾನು. ಎರಡು ಸಲ ತಟ್ಟಿದೆ. ಡ್ರೈವರ್ ಬಿಟ್ಟ." ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳಲ್ಲಿ ಏನೂ ಇರಲಿಲ್ಲ, ಶಾಯಿ ಎಂದೋ ಹೋಗಿತ್ತು. "ತಟ್ಟಿದ್ದೂ ಇದೇ ಕೈ. ಲಾರಿಗೆ ಯಾರೂ ಹತ್ತೋದೇ ಇಲ್ಲ ಅಂತ ಒತ್ತಿದ್ದೂ ಇದೇ ಕೈ. ಈ ಕೈಲಿ ಅನ್ನ ಹೆಂಗ್ ತಿನ್ಲಿ ಹೇಳು? ನಿನ್ ಮುಖ ಹೆಂಗ್ ನೋಡ್ಲಿ? ಗೋಡೆ ಆಚೆ ನೀನು ಪಾತ್ರೆ ಕುಕ್ಕಿದಾಗೆಲ್ಲ, ಇವಳಿಗೆ ಗೊತ್ತಾಗಿದೆ, ಇವಳಿಗೆ ಗೊತ್ತಾಗಿದೆ ಅಂತ ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ ಕಣೇ."

ಇಷ್ಟು ದಿನ ಅವಳು ನನ್ನನ್ನು ದ್ವೇಷಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದೇ ಗೋಡೆಯ ಎರಡು ಕಡೆ ಇಬ್ಬರೂ ಒಂದೇ ಹೆದರಿಕೆಯಲ್ಲಿ ಬೇಯುತ್ತಿದ್ದೆವು. ನನಗೆ ಅಳು ಬಂತು. ನಾದಿನಿ ಸತ್ತ ದಿನವೂ ಜನರ ಮುಂದೆ ಅಳದವಳು, ಈ ಕಚೇರಿಯ ವರಾಂಡದಲ್ಲಿ ಜೋರಾಗಿಯೇ ಅತ್ತೆ.

"ಬಾಗಿಲು ಅಂದವಳು ನಾನು," ಎಂದೆ.

"ಅದು ಎಲ್ಲರಿಗೂ ಗೊತ್ತು."

"ಚಳಿ ಅಂದಳು. ಒಳಗೆ ಬರ್ಲಾ ಅಂದಳು."

"ಕೇಳಿಸ್ತು ನನಗೂ."

ನಾನು ಕಣ್ಣೊರೆಸಿಕೊಂಡು, ಜನವರಿ ಹದಿನೇಳರ ಹಾಳೆ ತೆಗೆದು ಅವಳಿಗೆ ತೋರಿಸಿದೆ. ಅವಳಿಗೆ ಓದು ಬಾರದು. ಆದರೂ ಬಹಳ ಹೊತ್ತು ನೋಡಿದಳು. ಎಲ್ಲಿದೆ ಅವಳ ಹೆಸರು ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಹಾಗೇ ಕೂತಳು.

ಜವಾನ ಬಾಗಿಲು ತೆರೆದು ಕರೆಯುತ್ತಿದ್ದಾನೆ. ಕರೆದದ್ದು ನನ್ನೊಬ್ಬಳನ್ನೇ. ತೆಳ್ಳಕ್ಕನೂ ಎದ್ದು ನಿಂತಿದ್ದಾಳೆ.